ಕ್ಲೌಡ್ ಕರೆಗಳಿಗೆ ಫೈರ್‌ವಾಲ್‌ನಲ್ಲಿ ದಾರಿ: ನಂಬರ್ ನೋಡಿ ಬಿಡುವುದೋ, ಹೆಸರು ನೋಡಿಯೋ, ಸರಕು ನೋಡಿಯೋ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆ, ಸರಸ್ವತೀಪುರಂನ ಲೆಕ್ಕಪರಿಶೋಧಕರ ಕಚೇರಿ, ಮಂಡ್ಯದ ಕಾಲೇಜು, ಅಲ್ಲಿಯದೇ ನರ್ಸಿಂಗ್ ಹೋಮ್: ಇಂಥ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ. ಫೈರ್‌ವಾಲ್ ಬಿಗಿ ಮಾಡಿದರೆ ಟೀಮ್ಸ್, ಝೂಮ್, ಮೀಟ್ ಕರೆಗಳು ಕಡಿದು ಕಡಿದು ಬರುತ್ತವೆ. ಸಡಿಲ ಬಿಟ್ಟರೆ ಆಡಿಟ್‌ಗೆ ಬಂದವರು ಆಕ್ಷೇಪ ಬರೆದು ಹೋಗುತ್ತಾರೆ. ಹಾಗಿರುವಾಗ ಅನುಮತಿ ಪಟ್ಟಿಯನ್ನು ಐಪಿ ವಿಳಾಸಗಳ ಮೇಲೆ ಬರೆಯಬೇಕೋ, ಡೊಮೈನ್ ಹೆಸರುಗಳ ಮೇಲೆ ಬರೆಯಬೇಕೋ, ಆ್ಯಪ್‌ಗಳನ್ನೇ ಗುರುತಿಸುವ ದುಬಾರಿ ಫೈರ್‌ವಾಲ್ ಕೊಳ್ಳಬೇಕೋ, ಇಲ್ಲವೇ ಕರೆಗಳಿಗೆಂದೇ ಬೇರೆ ವಿಲ್ಯಾನ್ (ಅದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗ) ಮಾಡಿ ಅಲ್ಲಿ ದಾರಿ ಬಿಡಬೇಕೋ ಎಂಬುದು ಅವರ ಗೊಂದಲ. ನಾಲ್ಕನ್ನೂ ನಾನು ಬೇರೆ ಬೇರೆ ಕಡೆ ಮಾಡಿದ್ದೇನೆ, ಒಂದೆರಡು ಕಡೆ ತಪ್ಪಾಗಿಯೂ ಮಾಡಿದ್ದೇನೆ.

ಹೋಲಿಸುವುದಕ್ಕೆ ಮುಂಚೆ ಕರೆ ಹೇಗೆ ಸಾಗುತ್ತದೆ ಎಂಬುದು ಸ್ಪಷ್ಟವಿರಬೇಕು. ನಮಗೆ ಒಂದೇ ಕರೆಯಾಗಿ ಕಾಣುವುದು ಫೈರ್‌ವಾಲ್‌ಗೆ ಎರಡು ಹರಿವು. ಲಾಗಿನ್ ಆಗುವುದು, ರಿಂಗ್ ಕೊಡುವುದು, ಕರೆ ಮುಗಿಸುವುದು ಇವೆಲ್ಲ ಸಿಗ್ನಲಿಂಗ್; ಮೀಟಿಂಗ್ ಆ್ಯಪ್‌ಗಳಲ್ಲಿ ಇದು ಮುಖ್ಯವಾಗಿ ಟಿಸಿಪಿ 443ರಲ್ಲಿ, ಅಂದರೆ ವೆಬ್‌ಸೈಟ್‌ಗಳು ಬಳಸುವ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ನಂಬರ್ ಹಾಕಿದ ಬಾಗಿಲು), ಹೋಗುವುದರಿಂದ ಬ್ರೌಸಿಂಗ್‌ಗೆ ಬಿಟ್ಟ ದಾರಿಯಲ್ಲೇ ದಾಟಿಬಿಡುತ್ತದೆ. ಧ್ವನಿ ಮತ್ತು ಚಿತ್ರ (ಇವೇ ಮೀಡಿಯಾ) ಮಾತ್ರ ಯುಡಿಪಿಯಲ್ಲಿ, ಅಂದರೆ ಕಳೆದ ತುಣುಕಿಗೆ ಕಾಯದೆ ಮುಂದೆ ಸಾಗುವ ವಿಧಾನದಲ್ಲಿ, ಹೋಗಬೇಕು. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕಳಿಸಲಾಗುತ್ತದೆ, ಅಂದರೆ ಒಂದೊಂದು ದಿಕ್ಕಿನಲ್ಲಿ ಸೆಕೆಂಡಿಗೆ 50 ಪ್ಯಾಕೆಟ್; ತಡವಾಗಿ ಬಂದ ತುಣುಕು ಬಂದೂ ಬಾರದಂತೆಯೇ. ಮಾತು ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿರಲಿ ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಸಿಗ್ನಲಿಂಗ್ ದಾಟಿ ಮೀಡಿಯಾ ಸಿಕ್ಕಿಕೊಂಡಾಗ ಬರುವ ದೂರು ಎಲ್ಲ ಕಡೆಯೂ ಒಂದೇ ಮಾತಿನಲ್ಲಿರುತ್ತದೆ: “ಸಾರ್, ರಿಂಗ್ ಆಗುತ್ತೆ, ಎತ್ತಿದ್ರೆ ಸದ್ದೇ ಇಲ್ಲ.”

ಇಲ್ಲಿ ಬೇಕಾಗಿರುವುದು ಒಳಗಿನಿಂದ ಹೊರಗೆ ಹೋಗುವ ದಾರಿ ಮಾತ್ರ. ಹೊರಟ ಪ್ಯಾಕೆಟ್‌ಗೆ ಬರುವ ಉತ್ತರವನ್ನು ಸ್ಟೇಟ್‌ಫುಲ್ ಫೈರ್‌ವಾಲ್ ತಾನೇ ಒಳಗೆ ಬಿಡುತ್ತದೆ. ಝೂಮ್‌ಗಾಗಿ, ಟೀಮ್ಸ್‌ಗಾಗಿ ಎಂದು ಹೊರಗಿನಿಂದ ಒಳಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿಟ್ಟಿರುವ ರೌಟರ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ; ಅವುಗಳಿಂದ ಕರೆಗೆ ಉಪಯೋಗವಿಲ್ಲ, ಕಳ್ಳರಿಗೆ ಉಂಟು. ಈ ಲೇಖನ ಓದಿ ಬೇರೇನೂ ಮಾಡದಿದ್ದರೂ ಆ ಫಾರ್ವರ್ಡ್‌ಗಳನ್ನು ತೆಗೆಯಿರಿ.

ಯಾವುದರ ಮೇಲೆ ಅಳೆಯುವುದು

ನಾನು ಅಳೆಯುವುದು ಐದು ಪ್ರಶ್ನೆಗಳಿಂದ. ಮೀಡಿಯಾ ನಿಜಕ್ಕೂ ಯುಡಿಪಿಯಲ್ಲಿ ನೇರವಾಗಿ ಹೋಗುತ್ತದೆಯೇ ಎಂಬುದು ಮೊದಲನೆಯದು. ಅದಕ್ಕಾಗಿ ಬಾಗಿಲು ಎಷ್ಟು ಅಗಲ ತೆರೆಯಬೇಕಾಗುತ್ತದೆ ಎಂಬುದು ಎರಡನೆಯದು. ತೊಂದರೆಯಾದಾಗ ಲಾಗ್ ನೋಡಿದರೆ ಕಾರಣ ತಿಳಿಯುತ್ತದೆಯೇ ಎಂಬುದು ಮೂರನೆಯದು, ಪೆಟ್ಟಿಗೆಗೂ ವರ್ಷವರ್ಷದ ಲೈಸೆನ್ಸಿಗೂ ಸೇರಿ ಖರ್ಚೆಷ್ಟು ಎಂಬುದು ನಾಲ್ಕನೆಯದು. ಐದನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ: ಈ ಪಟ್ಟಿಯನ್ನು ಆರು ತಿಂಗಳ ನಂತರ ಯಾರು ನೋಡುತ್ತಾರೆ? ದಿನವಿಡೀ ನೆಟ್‌ವರ್ಕನ್ನೇ ನೋಡುವವರೊಬ್ಬರು ಕಚೇರಿಯಲ್ಲಿದ್ದಾರೋ, ಅಥವಾ ಪ್ರಿಂಟರ್ ರಿಪೇರಿ ಮಾಡುವ ಹುಡುಗನೇ ಫೈರ್‌ವಾಲ್‌ಗೂ ದಿಕ್ಕೋ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ವಿಳಾಸ ಮತ್ತು ಪೋರ್ಟ್ ನೋಡಿ ಬಿಡುವುದು

ಇದು ಹಳೆಯ ವಿಧಾನ, ಇವತ್ತಿಗೂ ಮೀಡಿಯಾದ ಮಟ್ಟಿಗೆ ಅತ್ಯಂತ ಖಚಿತವಾದ ವಿಧಾನ. ಸೇವೆ ಕೊಡುವ ಕಂಪನಿ ತನ್ನ ಮೀಡಿಯಾ ಸರ್ವರ್‌ಗಳ ವಿಳಾಸಗಳನ್ನೂ ಪೋರ್ಟ್‌ಗಳನ್ನೂ ಪ್ರಕಟಿಸಿರುತ್ತದೆ. ಅವುಗಳಿಗೆ ಮಾತ್ರ ಯುಡಿಪಿ ಬಿಡುವುದು. ಟೀಮ್ಸ್‌ಗೆ ಯುಡಿಪಿ 3478ರಿಂದ 3481ರವರೆಗಿನ ನಾಲ್ಕು ಪೋರ್ಟ್‌ಗಳು ಸಾಕು. ವಿಳಾಸಗಳಲ್ಲಿ ದೊಡ್ಡದು 52.112.0.0/14 (ಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು). ಗೂಗಲ್ ವರ್ಕ್‌ಸ್ಪೇಸ್‌ನ ಮೀಟ್‌ಗೆ 3478 ಮತ್ತು 19305ರಿಂದ 19309, ವಿಳಾಸ 74.125.250.0/24. ವೆಬೆಕ್ಸ್ ಯುಡಿಪಿ 5004 ಮತ್ತು 9000 ಕೇಳುತ್ತದೆ. ಝೂಮ್ ಮೀಟಿಂಗ್‌ಗಳಿಗೆ 8801ರಿಂದ 8810, ಜೊತೆಗೆ 3478 ಮತ್ತು 3479. ಅದೇ ಕಂಪನಿಯ ಝೂಮ್ ಫೋನ್ ಸೇವೆಗೆ ಮಾತ್ರ 20000ದಿಂದ 64000ದವರೆಗೆ ಬೇಕು.

ಕೊನೆಯ ಸಂಖ್ಯೆ ನೋಡಿ ಗಾಬರಿಯಾಗುವವರು ಒಂದು ಮಾತು ಗಮನಿಸಬೇಕು. 44 ಸಾವಿರ ಪೋರ್ಟ್‌ಗಳನ್ನು ಇಡೀ ಇಂಟರ್ನೆಟ್ಟಿಗೆ ತೆರೆಯುವುದು ಬೇರೆ, ಆ ಕಂಪನಿಯ ವಿಳಾಸಗಳಿಗೆ ಮಾತ್ರ ತೆರೆಯುವುದು ಬೇರೆ. ವಿಳಾಸವಿಲ್ಲದ ಪೋರ್ಟ್ ರೂಲ್ ಎಂದರೆ ನನ್ನ ಲೆಕ್ಕದಲ್ಲಿ ಅರ್ಧ ಬರೆದ ರೂಲ್. ಆದರೆ ವಿಳಾಸ ಬರೆದ ಮಾತ್ರಕ್ಕೆ ಬಾಗಿಲು ಕಿರಿದಾಯಿತೆಂದೂ ಅಲ್ಲ: ಮೀಟ್‌ನ /24 ಎಂದರೆ 256 ವಿಳಾಸ, ಟೀಮ್ಸ್‌ನ /14 ಎಂದರೆ 2,62,144. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಿಗೆ “ಕೆಎ-11 ಇರೋ ಲಾರಿನೆಲ್ಲ ಬಿಡು” ಎಂದು ಹೇಳಿದ ಹಾಗೆ. ಮಂಡ್ಯದ ಲಾರಿ ಎಂಬುದು ಗೊತ್ತಾಗುತ್ತದೆ, ಒಳಗೆ ಕಬ್ಬಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಾಲ್ಕೇ ಪೋರ್ಟ್‌ಗಳಿಗೆ ಕಟ್ಟಿಹಾಕಿದ ಯುಡಿಪಿಯಲ್ಲಿ ಈ ಅಗಲವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಈ ವಿಧಾನದ ನಿಜವಾದ ಬೆಲೆ ಬೇರೆ ಕಡೆ ಇದೆ. ಮೈಕ್ರೋಸಾಫ್ಟ್ ತನ್ನ ಪಟ್ಟಿಯ ಬದಲಾವಣೆಗಳನ್ನು ಸಾಮಾನ್ಯವಾಗಿ ತಿಂಗಳ ಆರಂಭದಲ್ಲಿ, ಹೊಸ ವಿಳಾಸಗಳು ಬಳಕೆಗೆ ಬರುವ 30 ದಿನ ಮುಂಚೆ ಪ್ರಕಟಿಸುತ್ತದೆ. ಆ 30 ದಿನಗಳಲ್ಲಿ ಯಾರಾದರೂ ನೋಡಿ ಸೇರಿಸಬೇಕು. ಮಂಡ್ಯದ ಒಂದು ನರ್ಸಿಂಗ್ ಹೋಮ್‌ಗೆ ನಾನೇ ವಿಳಾಸದ ಪಟ್ಟಿ ಬರೆದುಕೊಟ್ಟು ಮರೆತಿದ್ದೆ. ತಿಂಗಳುಗಳಾದ ಮೇಲೆ, ಬೆಂಗಳೂರಿನ ತಜ್ಞರ ಜೊತೆಗಿನ ವಿಡಿಯೋ ಕೆಲವು ದಿನ ಚೆನ್ನಾಗಿ ಬರುತ್ತದೆ, ಕೆಲವು ದಿನ ಮುಖ ನಿಂತುಹೋಗುತ್ತದೆ ಎಂದು ಕರೆ ಬಂತು. ಲೈನ್ ಪರೀಕ್ಷಿಸಿದೆವು, ಸ್ವಿಚ್ ಬದಲಿಸಿದೆವು. ಕೊನೆಗೆ ಡಿನೈ ಲಾಗ್ (ಫೈರ್‌ವಾಲ್ ತಡೆದದ್ದರ ದಾಖಲೆ) ತೆರೆದಾಗ ನನ್ನ ಪಟ್ಟಿಯಲ್ಲಿಲ್ಲದ ಹೊಸ ವಿಳಾಸಕ್ಕೆ ಹೊರಟ ಯುಡಿಪಿ ಪ್ಯಾಕೆಟ್‌ಗಳು ಸಾಲುಸಾಲಾಗಿ ಬಿದ್ದಿದ್ದವು. ಯಾವ ಮೀಟಿಂಗ್ ಯಾವ ಸರ್ವರ್‌ಗೆ ಹೋಗುತ್ತದೆ ಎಂಬುದು ಸೇವೆಯ ಕೈಯಲ್ಲಿರುವುದರಿಂದ ಹಳೆಯ ವಿಳಾಸ ಸಿಕ್ಕ ದಿನ ಸರಾಗ, ಹೊಸದು ಸಿಕ್ಕ ದಿನ ತೊಂದರೆ. ಪೂರ್ತಿ ನಿಂತುಹೋಗಿದ್ದರೆ ಒಂದೇ ದಿನದಲ್ಲಿ ಪತ್ತೆಯಾಗುತ್ತಿತ್ತು. ಅರೆಬರೆ ಕೆಡುವುದು ಈ ವಿಧಾನದ ಸ್ವಭಾವ.

ಪಟ್ಟಿಯನ್ನು ಫೈರ್‌ವಾಲ್ ತಾನೇ ಎಳೆದುಕೊಳ್ಳುವಂತೆ ಮಾಡಿದರೆ ಈ ಭಾರ ಇಳಿಯುತ್ತದೆ. ಝೂಮ್ ತನ್ನ ವಿಳಾಸಗಳನ್ನು ಸಾದಾ ಟೆಕ್ಸ್ಟ್ ಫೈಲ್ ಆಗಿಯೂ ಕೊಡುವುದರಿಂದ ಉಚಿತವಾಗಿ ಸಿಗುವ ಫೈರ್‌ವಾಲ್ ಸಾಫ್ಟ್‌ವೇರ್ ಪಿಎಫ್‌ಸೆನ್ಸ್‌ನ ಯುಆರ್‌ಎಲ್ ಟೇಬಲ್‌ಗೆ ಅದನ್ನು ನೇರವಾಗಿ ಕೊಡಬಹುದು. ಮೈಕ್ರೋಸಾಫ್ಟ್‌ನ ಪಟ್ಟಿ ಜೇಸನ್ ರೂಪದಲ್ಲಿರುವುದರಿಂದ ನಡುವೆ ಒಂದು ಸಣ್ಣ ಸ್ಕ್ರಿಪ್ಟ್ ಬೇಕು. ಫೋರ್ಟಿಗೇಟ್‌ನ ಇಂಟರ್ನೆಟ್ ಸರ್ವಿಸ್ ಡೇಟಾಬೇಸ್‌ನಂಥ ಸೌಲಭ್ಯವಿದ್ದರೆ ಈ ಕೆಲಸವನ್ನು ಫೈರ್‌ವಾಲ್ ಕಂಪನಿಯೇ ಮಾಡಿಕೊಡುತ್ತದೆ.

ಹೆಸರು ನೋಡಿ ಬಿಡುವುದು

ಡೊಮೈನ್ ಹೆಸರಿನ ಪಟ್ಟಿ ಓದುವುದಕ್ಕೆ ಸುಲಭ, ಆಡಿಟರ್‌ಗೆ ತೋರಿಸುವುದಕ್ಕೂ ಸುಲಭ. ವಿಳಾಸ ಬದಲಾದರೂ ಹೆಸರು ಅದೇ ಇರುವುದರಿಂದ ಬಾಳಿಕೆ ಹೆಚ್ಚು. ಲಾಗಿನ್ ಪುಟ, ಚಾಟ್, ಫೈಲ್‌ಗಳು, ಆ್ಯಪ್‌ನ ಅಪ್‌ಡೇಟ್ ಎಲ್ಲಕ್ಕೂ ಇದೇ ಸರಿಯಾದ ದಾರಿ; ಮೈಕ್ರೋಸಾಫ್ಟ್ ‘ಡಿಫಾಲ್ಟ್’ ಎಂದು ವಿಂಗಡಿಸಿದ ಎಷ್ಟೋ ಸರ್ವರ್‌ಗಳಿಗೆ ಹೆಸರನ್ನು ಮಾತ್ರ ಕೊಟ್ಟಿದೆ, ವಿಳಾಸ ಕೊಟ್ಟಿಲ್ಲ. ಹಾಗಾಗಿ ಬರೀ ವಿಳಾಸಗಳಿಂದ ಪಟ್ಟಿಯನ್ನು ಪೂರ್ತಿ ಮಾಡುತ್ತೇನೆಂದು ಹೊರಟವರು ದಡ ಮುಟ್ಟುವುದಿಲ್ಲ.

ಆದರೆ ಮೀಡಿಯಾ ಹೆಸರಿನ ಪಟ್ಟಿಗೆ ಸಿಗುವುದಿಲ್ಲ. ಸಿಗ್ನಲಿಂಗ್‌ನ ಒಳಗೇ ಸರ್ವರ್ “ಈ ವಿಳಾಸಕ್ಕೆ, ಈ ಪೋರ್ಟ್‌ಗೆ ಧ್ವನಿ ಕಳಿಸು” ಎಂದು ಸಂಖ್ಯೆಯನ್ನೇ ಕೊಟ್ಟುಬಿಡಬಹುದು. ಆಗ ಡಿಎನ್‌ಎಸ್ ವಿಚಾರಣೆಯೇ (ಹೆಸರು ಹೇಳಿ ವಿಳಾಸ ಕೇಳುವುದು) ನಡೆಯುವುದಿಲ್ಲ, ಫೈರ್‌ವಾಲ್‌ಗೆ ಹೋಲಿಸಿ ನೋಡಲು ಹೆಸರೇ ಇರುವುದಿಲ್ಲ. ಹೆಸರಿನ ಪಟ್ಟಿಯನ್ನಷ್ಟೇ ಹಾಕಿದ ಕಚೇರಿಗಳಲ್ಲಿ ಚಾಟ್ ಚೆನ್ನಾಗಿದ್ದು ಮಾತು ಮಾತ್ರ ಒಡೆಯುವುದು ಹೀಗೆ.

ನಕ್ಷತ್ರ ಚಿಹ್ನೆಯ (*.zoom.us ಥರದ, ನಕ್ಷತ್ರದ ಜಾಗದಲ್ಲಿ ಏನಿದ್ದರೂ ಸರಿ ಎನ್ನುವ) ಹೆಸರುಗಳದ್ದು ಇನ್ನೊಂದು ತೊಡಕು. ಪಿಎಫ್‌ಸೆನ್ಸ್‌ನ ಏಲಿಯಾಸ್ (ರೂಲ್‌ಗಳಲ್ಲಿ ಬಳಸುವ ಪಟ್ಟಿ) ಒಂದೊಂದು ಹೆಸರನ್ನು ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ಕೇಳಿ ವಿಳಾಸಕ್ಕೆ ತಿರುಗಿಸಿಕೊಳ್ಳುತ್ತದೆ. ನಕ್ಷತ್ರ ಹಾಕಿದ ಹೆಸರನ್ನು ಅದು ಕೇಳಲಾರದು, ಏಕೆಂದರೆ ನಕ್ಷತ್ರದ ಜಾಗದಲ್ಲಿ ಏನಿದೆ ಎಂಬುದು ಅದಕ್ಕೆ ಮುಂಚೆಯೇ ಗೊತ್ತಿರುವುದಿಲ್ಲ. ನಕ್ಷತ್ರವನ್ನು ಒಪ್ಪುವ ಫೈರ್‌ವಾಲ್‌ಗಳು ಒಳಗಿನ ಕಂಪ್ಯೂಟರ್‌ಗಳ ಡಿಎನ್‌ಎಸ್ ಪ್ರಶ್ನೆಗಳನ್ನು ಕದ್ದು ಕೇಳಿ ಕಲಿಯುತ್ತವೆ. ಆದ್ದರಿಂದ ಕಚೇರಿಯ ಕಂಪ್ಯೂಟರ್‌ಗಳು ಫೈರ್‌ವಾಲ್‌ಗೆ ಕಾಣುವ ಡಿಎನ್‌ಎಸ್ಸನ್ನೇ ಬಳಸಬೇಕು. ಬ್ರೌಸರ್ ತಾನಾಗಿಯೇ ಎನ್‌ಕ್ರಿಪ್ಟ್ ಆದ ಡಿಎನ್‌ಎಸ್‌ಗೆ ಹೋದರೆ ರೂಲ್ ಕುರುಡಾಗುತ್ತದೆ.

ಸರಕು ನೋಡಿ ಬಿಡುವುದು

ನೆಕ್ಸ್ಟ್ ಜನರೇಷನ್ ಎಂದು ಕರೆಸಿಕೊಳ್ಳುವ ಫೈರ್‌ವಾಲ್‌ಗಳು ಲಾರಿಯ ನಂಬರ್ ನೋಡಿ ಸುಮ್ಮನಾಗದೆ ಟಾರ್ಪಾಲಿನ್ ಎತ್ತಿ ನೋಡುತ್ತವೆ. ರೂಲ್‌ನಲ್ಲಿ “ಟೀಮ್ಸ್ ಧ್ವನಿ ಬಿಡು, ಫೈಲ್ ಕಳಿಸುವುದನ್ನು ತಡೆ” ಎಂದು ಬರೆಯಬಹುದು, ಸಿಬ್ಬಂದಿಗೆ ಒಂದು ನಿಯಮ, ವಿದ್ಯಾರ್ಥಿಗಳಿಗೆ ಇನ್ನೊಂದು ನಿಯಮ ಇಡಬಹುದು. ಲಾಗ್‌ನಲ್ಲೂ ಬರೀ ಸಂಖ್ಯೆಗಳ ಬದಲು ಆ್ಯಪ್‌ನ ಹೆಸರು ಕಾಣುತ್ತದೆ. ನೂರಾರು ವಿದ್ಯಾರ್ಥಿಗಳು ಒಂದೇ ಲೈನ್ ಹಂಚಿಕೊಳ್ಳುವ ಕಾಲೇಜಿಗೆ ಇದು ನಿಜವಾದ ಉಪಕಾರ.

ಬೆಲೆ ಪೆಟ್ಟಿಗೆಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಆ್ಯಪ್ ಗುರುತಿಸುವ ಸಿಗ್ನೇಚರ್‌ಗಳಿಗೆ ವರ್ಷವರ್ಷ ಲೈಸೆನ್ಸ್ ನವೀಕರಿಸಬೇಕು; ನಿಂತರೆ ಸಿಗ್ನೇಚರ್ ಹಳೆಯದಾಗುತ್ತದೆ, ಆ್ಯಪ್ ಮಾತ್ರ ಹೊಸದಾಗುತ್ತಲೇ ಇರುತ್ತದೆ, ಒಂದು ದಿನ ಫೈರ್‌ವಾಲ್ ಅದನ್ನು ‘ಗೊತ್ತಿಲ್ಲದ ಯುಡಿಪಿ’ ಎಂದು ಓದಿ ತಡೆಯುತ್ತದೆ. ಗುರುತಿಸಲು ಮೊದಲ ಕೆಲವು ಪ್ಯಾಕೆಟ್‌ಗಳನ್ನು ಬಿಡಲೇಬೇಕಾಗುವುದರಿಂದ ಇದು ತೋರುವಷ್ಟು ಬಿಗಿಯೂ ಅಲ್ಲ. ಎಲ್ಲ ತಪಾಸಣೆ ಹಾಕಿದ ಮೇಲೆ ಪೆಟ್ಟಿಗೆಯ ವೇಗ ಗಣನೀಯವಾಗಿ ಇಳಿಯುತ್ತದೆ. ಕೊಳ್ಳುವಾಗ ಡೇಟಾಶೀಟ್‌ನ ಮೇಲ್ಭಾಗದ ದೊಡ್ಡ ಸಂಖ್ಯೆಯನ್ನಲ್ಲ, ತಪಾಸಣೆಗಳೆಲ್ಲ ಚಾಲೂ ಇದ್ದಾಗಿನ ಸಂಖ್ಯೆಯನ್ನು ನೋಡಬೇಕು. ಮಾರಾಟಕ್ಕೆ ಬಂದವರು ಆ ಸಾಲನ್ನು ತಾವಾಗಿ ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

443 ಒಂದೇ ಸಾಕು ಎನ್ನುವುದು

ಯುಡಿಪಿ ಪೂರ್ತಿ ಮುಚ್ಚಿ ಟಿಸಿಪಿ 443 ಮಾತ್ರ ಬಿಟ್ಟರೂ ಬಹುತೇಕ ಮೀಟಿಂಗ್ ಆ್ಯಪ್‌ಗಳು ಹೇಗೋ ಅದರಲ್ಲೇ ನುಸುಳಿ ಕೆಲಸ ಮಾಡುತ್ತವೆ, ಅದಕ್ಕೇ ಇಷ್ಟೆಲ್ಲ ತಲೆನೋವು ಯಾಕೆ ಎಂದು ಕೇಳುವವರಿದ್ದಾರೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ಸಾಲಿನಲ್ಲಿ ಕಾಯುತ್ತವೆ, ಬಂದಾಗ ಮಾತೆಲ್ಲ ಒಟ್ಟಿಗೆ ನುಗ್ಗುತ್ತದೆ. ವಾರಕ್ಕೊಂದು ಮೀಟಿಂಗ್ ಇರುವ, ಒಳ್ಳೆಯ ಫೈಬರ್ ಇರುವ ಐದಾರು ಜನರ ಕಚೇರಿಗೆ ಇದು ನಡೆಯುತ್ತದೆ. ದಿನವಿಡೀ ಗ್ರಾಹಕರ ಜೊತೆ ಮಾತಾಡುವ ಕಚೇರಿಗೆ ಬೇಡ.

ಕರೆಗಳಿಗೇ ಬೇರೆ ವಿಲ್ಯಾನ್

ಐಪಿ ಫೋನ್‌ಗಳು, ಮೀಟಿಂಗ್ ರೂಮಿನ ಕ್ಯಾಮೆರಾ ಪೆಟ್ಟಿಗೆಗಳು ಮುಂತಾದ ಒಂದೇ ಕೆಲಸದ ಸಾಧನಗಳನ್ನು ಬೇರೆ ವಿಲ್ಯಾನ್‌ಗೆ ಹಾಕಿ, ಅಲ್ಲಿಂದ ಹೊರಗೆ ಹೋಗುವ ಯುಡಿಪಿಯನ್ನು ಸ್ವಲ್ಪ ಧಾರಾಳವಾಗಿ ಬಿಟ್ಟು, ಅಲ್ಲಿಂದ ಕಚೇರಿಯ ಒಳಗಿನ ಕಂಪ್ಯೂಟರ್‌ಗಳಿಗೆ ಏನನ್ನೂ ಬಿಡದಿರುವುದು ನಾಲ್ಕನೆಯ ದಾರಿ. ಪಟ್ಟಿ ನೋಡಿಕೊಳ್ಳಲು ಜನವಿಲ್ಲದ ಕಡೆ ನನಗೆ ಇದು ಇಷ್ಟ. ಬಾಗಿಲು ಅಗಲವಿದ್ದರೂ ಅದು ಇರುವುದು ಹೊರಮನೆಗೆ. ವಿಲ್ಯಾನ್ ಮಾಡಬಲ್ಲ ಮ್ಯಾನೇಜ್ಡ್ ಸ್ವಿಚ್ ಇದ್ದರೆ ಹೊಸ ಖರ್ಚೇ ಇಲ್ಲ. ಕೊರತೆ ಏನೆಂದರೆ ಲ್ಯಾಪ್‌ಟಾಪ್‌ನಲ್ಲೇ ಟೀಮ್ಸ್ ಬಳಸುವವರಿಗೆ ಇದರಿಂದ ಉಪಯೋಗವಿಲ್ಲ. ಅದೇ ಯಂತ್ರದಲ್ಲಿ ಟ್ಯಾಲಿಯೂ ಇರುತ್ತದೆ, ಕರೆಯೂ ಇರುತ್ತದೆ.

ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೂಲಕ ಬರುವ ಫೋನ್ ಲೈನ್) ಅಥವಾ ಕ್ಲೌಡ್ ಪಿಬಿಎಕ್ಸ್ (ಕ್ಲೌಡ್‌ನಲ್ಲಿರುವ ಕಚೇರಿ ಎಕ್ಸ್‌ಚೇಂಜ್) ಬಳಸುವವರು ಬಹುಮಟ್ಟಿಗೆ ಈ ಗುಂಪಿಗೇ ಸೇರುತ್ತಾರೆ, ಅವರ ತೊಂದರೆಗಳ ಜಾತಿ ಮಾತ್ರ ಬೇರೆ. ಹೆಬ್ಬಾಳದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕರೆಗಳು ಅರ್ಧ ನಿಮಿಷಕ್ಕೆ ತಾವಾಗಿ ಕಟ್ ಆಗುತ್ತಿದ್ದವು. ಅಲ್ಲಿನವರು ಅನುಮತಿ ಪಟ್ಟಿಯದೇ ದೋಷವೆಂದು ದಿನಕ್ಕೊಂದು ಪೋರ್ಟ್ ತೆರೆಯುತ್ತ ಹೋಗಿದ್ದರು. ನಾನು ಗಡಿಯಾರ ಹಿಡಿದು ಕೂತು ನೋಡಿದೆ: ಪ್ರತಿ ಕರೆಯೂ ಸರಿಯಾಗಿ 32ನೆಯ ಸೆಕೆಂಡಿಗೆ. ಎಸ್‌ಐಪಿಯಲ್ಲಿ ಕರೆ ಎತ್ತಿದ ಉತ್ತರಕ್ಕೆ ಆ ಕಡೆಯಿಂದ ಎಸಿಕೆ (‘ತಲುಪಿತು’ ಎಂಬ ಮರುಸಂದೇಶ) ಬರದಿದ್ದರೆ ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು ಕರೆ ಮುಗಿಸುವುದು ನಿಯಮ. ರೌಟರ್‌ನ ಎಸ್‌ಐಪಿ ಎಎಲ್‌ಜಿ ಎಂಬ ‘ಸಹಾಯ’ ಸಂದೇಶದೊಳಗಿನ ವಿಳಾಸವನ್ನು ತಿದ್ದಿ ಎಸಿಕೆ ದಾರಿ ತಪ್ಪುವಂತೆ ಮಾಡಿತ್ತು. ಅದನ್ನು ಆಫ್ ಮಾಡಿದ್ದೇ ಸರಿಹೋಯಿತು; ತೆರೆದಿಟ್ಟಿದ್ದ ಪೋರ್ಟ್‌ಗಳನ್ನೆಲ್ಲ ಮತ್ತೆ ಮುಚ್ಚಲು ಒಂದು ಸಂಜೆ ಹಿಡಿಯಿತು. ಹೊರಹೋಗುವ ಕರೆ ಹೋಗುತ್ತದೆ, ಒಳಬರುವ ಕರೆ ಕೆಲವೊಮ್ಮೆ ರಿಂಗ್ ಆಗುವುದಿಲ್ಲ ಎಂದರೆ ಯುಡಿಪಿ ಟೈಮೌಟ್ ನೋಡಿ: ಲಿನಕ್ಸ್ ಆಧಾರಿತ ಪೆಟ್ಟಿಗೆಗಳು ಉತ್ತರ ಬಾರದ ಯುಡಿಪಿ ಹರಿವನ್ನು ಸಾಮಾನ್ಯವಾಗಿ 30 ಸೆಕೆಂಡಿಗೆ ಮರೆಯುತ್ತವೆ, ಫೋನಿನ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಣ್ಣ ಪ್ಯಾಕೆಟ್) ಅದಕ್ಕಿಂತ ಬೇಗ ಹೋಗುತ್ತಿರಬೇಕು. ಟ್ರಂಕ್ ಕೊಡುವವರು ನಿಮ್ಮ ಸ್ಟಾಟಿಕ್ ಐಪಿಯನ್ನು ಅವರ ಪಟ್ಟಿಗೆ ಸೇರಿಸಿರುತ್ತಾರೆ ಎಂಬುದನ್ನೂ ಮರೆಯಬಾರದು. ರಸ್ತೆ ಅಗೆದು ಫೈಬರ್ ತುಂಡಾಗಿ ಕಚೇರಿ ಎರಡನೆಯ ಲೈನಿಗೆ ಜಿಗಿದ ದಿನ ಬ್ರೌಸಿಂಗ್ ಇದ್ದು ಫೋನ್ ಸತ್ತಿದ್ದರೆ ಕಾರಣ ಇದೇ. ಎರಡೂ ಲೈನ್‌ಗಳ ಐಪಿಯನ್ನು ಮೊದಲೇ ಕೊಟ್ಟಿಡಿ.

ಹಾಗಾದರೆ ಯಾರಿಗೆ ಯಾವುದು

ಹತ್ತಿಪ್ಪತ್ತು ಜನರ, ಒಂದೇ ಮೀಟಿಂಗ್ ಸೇವೆ ಬಳಸುವ ಕಚೇರಿಗೆ ಮಿಶ್ರ ಪಟ್ಟಿಯನ್ನೇ ಹೇಳುತ್ತೇನೆ: ಮೀಡಿಯಾಕ್ಕೆ ವಿಳಾಸ ಮತ್ತು ಯುಡಿಪಿ ಪೋರ್ಟ್, ಉಳಿದುದಕ್ಕೆಲ್ಲ ಹೆಸರು. ಒಂದೇ ಸೇವೆಯಾದ್ದರಿಂದ ಮೀಡಿಯಾ ರೂಲ್‌ಗಳು ಬೆರಳೆಣಿಕೆಯಷ್ಟು. ತಿಂಗಳ ಮೊದಲ ವಾರ ಜಿಎಸ್‌ಟಿ ಕೆಲಸಗಳ ಜೊತೆಗೇ ಕ್ಯಾಲೆಂಡರ್‌ನಲ್ಲಿ ಹತ್ತು ನಿಮಿಷ ಇಟ್ಟುಕೊಂಡರೆ ಸಾಕು. ಆ ಹತ್ತು ನಿಮಿಷ ಯಾರಿಗೂ ಇಲ್ಲವೆಂದಾದರೆ, ಮೀಡಿಯಾದ ಯುಡಿಪಿ ಪೋರ್ಟ್‌ಗಳನ್ನು ಯಾವ ವಿಳಾಸಕ್ಕಾದರೂ ಬಿಟ್ಟುಬಿಡಿ. ಅರ್ಧ ಬರೆದ ರೂಲ್ ಎಂದು ಮೇಲೆ ನಾನೇ ಹೇಳಿದ್ದು ನಿಜ. ಆದರೂ ಟೀಮ್ಸ್‌ನ ನಾಲ್ಕು ಪೋರ್ಟ್‌ಗಳಿಗೆ ಸೀಮಿತವಾದ ಅರ್ಧ ರೂಲ್, ಯಾರೂ ತಿದ್ದದೆ ಹಳಸಿದ ಪೂರ್ಣ ಪಟ್ಟಿಗಿಂತ ಮೇಲು. ಝೂಮ್ ಫೋನ್‌ನ 44 ಸಾವಿರಕ್ಕೆ ಮಾತ್ರ ಈ ರಿಯಾಯಿತಿ ಕೊಡಬೇಡಿ.

ಗ್ರಾಹಕರು ಕಳಿಸಿದ ಲಿಂಕ್ ಇಂದು ಝೂಮ್, ನಾಳೆ ವೆಬೆಕ್ಸ್, ನಾಡಿದ್ದು ಮೀಟ್ ಎನ್ನುವ ಕಚೇರಿಗಳಲ್ಲಿ ಕೈಯಿಂದ ಬರೆದ ಪಟ್ಟಿ ನಿಲ್ಲುವುದಿಲ್ಲ. ಅಲ್ಲಿ ಕಂಪನಿಯೇ ಪಟ್ಟಿ ನವೀಕರಿಸುವ ಫೈರ್‌ವಾಲ್‌ಗೆ ಹಣ ಹಾಕುವುದು ಸರಿ, ಆದರೆ ಮೂರು ವರ್ಷದ ಲೈಸೆನ್ಸಿನ ಹಣ ಮೊದಲೇ ತೆಗೆದಿಟ್ಟುಕೊಂಡು. ಒಂದು ವರ್ಷಕ್ಕೆ ಮಾತ್ರ ಹಣವಿದ್ದರೆ ಪಿಎಫ್‌ಸೆನ್ಸ್ ಮತ್ತು ತಾನಾಗಿ ಎಳೆದುಕೊಳ್ಳುವ ಪಟ್ಟಿ ಮೇಲು. ಕಾಲೇಜಿಗೆ ಆ್ಯಪ್ ಗುರುತಿಸುವ ಪೆಟ್ಟಿಗೆಯೇ ಆಗಬೇಕು. ನರ್ಸಿಂಗ್ ಹೋಮ್‌ಗೆ ನಾನು ಕೊನೆಗೆ ಮಾಡಿಕೊಟ್ಟಿದ್ದು ವೈದ್ಯರ ವಿಡಿಯೋ ಕೊಠಡಿಯ ಸಾಧನಕ್ಕೆ ಪ್ರತ್ಯೇಕ ವಿಲ್ಯಾನ್. ರೋಗಿಗಳ ದಾಖಲೆ ಇರುವ ಕಂಪ್ಯೂಟರ್‌ಗಳ ಕಡೆಗೆ ಅಲ್ಲಿಂದ ದಾರಿಯೇ ಇಲ್ಲ.

ಯಾವುದನ್ನೇ ಆರಿಸಿದರೂ ಕರೆಯ ಸರ್ವರ್‌ಗಳನ್ನು ಟಿಎಲ್‌ಎಸ್ ಇನ್‌ಸ್ಪೆಕ್ಷನ್‌ನಿಂದ (ಎನ್‌ಕ್ರಿಪ್ಟ್ ಆದದ್ದನ್ನು ಫೈರ್‌ವಾಲ್ ಬಿಚ್ಚಿ ನೋಡುವುದರಿಂದ) ಹೊರಗಿಡಿ; ಮೊದಲೇ ಎನ್‌ಕ್ರಿಪ್ಟ್ ಆದ ಧ್ವನಿಯನ್ನು ಬಿಚ್ಚಲು ಹೋಗಿ ಸಿಗುವುದು ವಿಳಂಬ ಮಾತ್ರ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿರುವುದರಿಂದ ಡಿನೈ ಲಾಗ್ ಚಾಲೂ ಇರಲಿ, ಅದನ್ನು ಪೆಟ್ಟಿಗೆಯ ಹೊರಗೆ ಒಂದು ಸಿಸ್‌ಲಾಗ್ (ಲಾಗ್ ಸಂಗ್ರಹಿಸುವ) ಸರ್ವರ್‌ಗೆ ಕಳಿಸುತ್ತಿರಿ.

ರೂಲ್ ಹಾಕಿದ ಮೇಲೆ ಪರೀಕ್ಷೆ ಹೀಗೆ ಮಾಡಬಹುದು. ಕಚೇರಿಯ ಹೊರಗೆ ಮೊಬೈಲ್ ಡೇಟಾದಲ್ಲಿ ಒಬ್ಬರನ್ನು, ಒಳಗೆ ಲ್ಯಾಪ್‌ಟಾಪ್‌ನಲ್ಲಿ ಒಬ್ಬರನ್ನು ಕೂರಿಸಿ ಹತ್ತು ನಿಮಿಷದ ವಿಡಿಯೋ ಕರೆ ಮಾಡಿಸಿ, ನಡುವೆ ಸ್ಕ್ರೀನ್ ಶೇರ್ ಮಾಡಿಸಿ. ಬ್ರೌಸರ್‌ನಲ್ಲಿ ಕರೆ ಮಾಡಿದ್ದರೆ ಕ್ರೋಮ್‌ನ ವೆಬ್‌ಆರ್‌ಟಿಸಿ-ಇಂಟರ್ನಲ್ಸ್ ಪುಟ ತೆರೆದು, ಆಯ್ಕೆಯಾದ ಕ್ಯಾಂಡಿಡೇಟ್ ಜೋಡಿಯ (ಕರೆ ನಿಜಕ್ಕೂ ಹಿಡಿದ ದಾರಿಯ) ಮುಂದೆ ಯುಡಿಪಿ ಎಂದಿದೆಯೋ ಟಿಸಿಪಿ ಎಂದಿದೆಯೋ ನೋಡಿ. ಟಿಸಿಪಿ ಎಂದಿದ್ದರೆ ಮಾತು ಚೆನ್ನಾಗಿ ಕೇಳುತ್ತಿದ್ದರೂ ನಿಮ್ಮ ಪಟ್ಟಿ ಇನ್ನೂ ಕೆಲಸ ಮಾಡುತ್ತಿಲ್ಲ. ಆ ಲ್ಯಾಪ್‌ಟಾಪ್‌ನ ಐಪಿಯಿಂದ ಹೊರಟು ತಡೆಯಲ್ಪಟ್ಟ ಯುಡಿಪಿಯನ್ನು ಡಿನೈ ಲಾಗ್‌ನಲ್ಲಿ ಹುಡುಕಿದರೆ ಬಿಟ್ಟುಹೋದ ವಿಳಾಸ ಅಲ್ಲೇ ಸಿಗುತ್ತದೆ.